ಬಿಸಿಯಾದರೆ ನಿಲ್ಲಿಸಬೇಕು

ನಮ್ಮ ದೊಡ್ಡಪ್ಪನದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಅಂಗಡಿಯಲ್ಲಿ ಕೂತರೆ ಕೂತರು. ಪಕ್ಕದ ಹೋಟೆಲಿನಿಂದ ಕರಿದ ತಿಂಡಿ, ಸಿಹಿ ಚಹಾ ಕೂತಲ್ಲಿಗೇ ಬರುತ್ತಿದ್ದವು. ಗಿರಾಕಿಗಳಿಗೆ ಅವರು ಹೇಳುತ್ತಿದ್ದ ಬುದ್ಧಿಮಾತು ಒಂದೇ: "ಮೋಟರು ಬಿಸಿಯಾಯ್ತು ಅಂದ್ರೆ ಮೊದಲು ಸ್ವಿಚ್ ಆರಿಸಿ."

ಎದೆ ಬಿಗಿದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕೂತಿದೆ, ಅಲ್ಲಿ ಉರಿಯೂತವೂ ಇದೆ. ಮಾತ್ರೆ ತಪ್ಪಿಸಬಾರದು. ಕರಿದದ್ದು, ಸಿಹಿ ಬಿಟ್ಟು ಸೊಪ್ಪು, ಕಾಳು ತಿನ್ನಬೇಕು, ದಿನಾ ನಡೆಯಬೇಕು. "ನಡೆದ್ರೆ ಆ ಉರಿಯೂತ ತಗ್ಗೋಕೆ ಸಹಾಯ ಆಗುತ್ತೆ. ನೋವು ಬಂದ್ರೆ ನಿಂತುಬಿಡಿ. ಆದ್ರೆ ಬರೀ ಎದೆಬಡಿತ ಸ್ವಲ್ಪ ಜೋರಾಯ್ತು ಅಂತ ಹೆದರಬೇಡಿ."

ದೊಡ್ಡಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು. ಒಳಗೆ ಕೆಟ್ಟಿದೆ ಅಂದಮೇಲೆ ಓಡಿಸುವುದುಂಟೇ?

ಬಾಯಿ ಕಟ್ಟಿದರು, ನಿಜ. ದೊಡ್ಡಮ್ಮ ಬೇಯಿಸಿಟ್ಟದ್ದನ್ನು ಗೊಣಗದೆ ತಿಂದರು. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಮೆಟ್ಟಿಲು ಕಂಡರೆ ಭಯ, ಸ್ನಾನಕ್ಕೆ ಭಯ, ಸೀನು ಬಂದರೂ ಭಯ. ಹಗಲೆಲ್ಲ ಎದೆಯ ಮೇಲೆ ಕೈ. ನನಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿನ ಅಡಿಯಲ್ಲಿದ್ದದ್ದೂ ಭಯವೇ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ನಾವೆಲ್ಲ ಆ ಕುರ್ಚಿಯತ್ತ ಓಡುತ್ತಿದ್ದೆವು.

ಒಂದು ಸಂಜೆ ದೊಡ್ಡಮ್ಮನ ತಾಳ್ಮೆ ತೀರಿತು. ಗಂಡನ ಕೈ ಹಿಡಿದೆಬ್ಬಿಸಿ ಬೀದಿಗೆ ಕರೆದುಕೊಂಡು ಹೊರಟರು. ನಾನೂ ಹಿಂದೆಯೇ ಹೋದೆ. ಮೂಲೆಯ ಔಷಧಿ ಅಂಗಡಿಯ ಹತ್ತಿರ ದೊಡ್ಡಪ್ಪ ಬೆವರಿ ನಿಂತುಬಿಟ್ಟರು.

"ನೋವಿದೆಯಾ?" ದೊಡ್ಡಮ್ಮ ಕೇಳಿದರು.

"ನೋವಿಲ್ಲ ಕಣೇ. ಡವಡವ ಅಂತಿದೆ. ಸಾಕು, ವಾಪಸ್ ಹೋಗೋಣ. ಇದು ಸುಟ್ಟುಹೋಗುತ್ತೆ."

ದೊಡ್ಡಮ್ಮ ತಮ್ಮ ಮುಂಗೈ ಚಾಚಿದರು. "ನಂದು ನೋಡಿ."

ನಾಡಿ ಹಿಡಿದ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಿಂದು ನನಗಿಂತ ಜೋರಾಗಿದೆ! ಕೂತ್ಕೋ, ಮೊದಲು ಕೂತ್ಕೋ!"

"ಕೂರಲ್ಲ. ನಿಮ್ಮನ್ನ ಆ ಕುರ್ಚೀಲಿ ನೋಡಿ ನೋಡಿ ದಿನವೆಲ್ಲ ನಂದು ಹೀಗೇ ಹೊಡ್ಕೊಳ್ಳುತ್ತೆ. ನೀವು ಹೋಗಿಬಿಟ್ರೆ ನಾನೇನು ಮಾಡ್ಲಿ?" ಎನ್ನುತ್ತಾ ದೊಡ್ಡಮ್ಮ ರಸ್ತೆಯಲ್ಲೇ ಅತ್ತುಬಿಟ್ಟರು.

ದೊಡ್ಡಪ್ಪ ಅತ್ತಿತ್ತ ನೋಡಿದರು. ಸಮಾಧಾನದ ಮಾತು ಅವರಿಗೆ ಯಾವತ್ತೂ ಬಂದದ್ದಿಲ್ಲ. ಹೆಂಡತಿಯ ಕೈ ಬಿಡದೆ, ಮನೆಯ ಕಡೆಗಲ್ಲ, ಮುಂದಕ್ಕೆ ಹೆಜ್ಜೆ ಇಟ್ಟರು.

"ಮೆಲ್ಲಗೆ ಬಾ," ಎಂದರು. "ನನಗೆ ತುಂಬಾ ಭಯ ಆಗ್ತಿದೆ."