ಕುಟ್ಟಾಣಿ ನಿಲ್ಲಿಸಿದವಳು

ಅವಳ ಕಿವಿಯ ಹಾಲೆ ಭುಜಕ್ಕೆ ತಾಕುತ್ತಿತ್ತು. ಚಿಕ್ಕಂದಿನಲ್ಲೇ ತೂತು ಮಾಡಿ, ಭಾರದ ಓಲೆ ಹಾಕಿ ಇಳಿಸಿದ ಕಿವಿ. ತೇನಿ ಕಡೆಯ ನಮ್ಮೂರು ಕೊಂಬೈಯ ಬೀದಿಯಲ್ಲಿ ಹಾಗೆ ಕಿವಿ ಬೆಳೆಸಿದವರಲ್ಲಿ ಕೊನೆಗೆ ಉಳಿದವಳು ಅವಳೊಬ್ಬಳೇ. ಓಲೆ ಕರಗಿಸಿ ಮೊಮ್ಮಗಳಿಗೆ ಸರ ಮಾಡಿಸಿಕೊಟ್ಟ ಮೇಲೆ ಬರಿ ಚರ್ಮ ನೇತಾಡುತ್ತಿತ್ತು. ಸಿಟ್ಟು ಬಂದು ತಲೆ ಅಲ್ಲಾಡಿಸಿದರೆ ಎರಡು ಹಾಲೆಯೂ ಕುತ್ತಿಗೆಗೆ ಬಡಿಯುತ್ತಿದ್ದವು. ಚೆಲುವೆಯಲ್ಲ. ನಾನೂ ಅಲ್ಲ.

ನನ್ನ ವಾರಗಿತ್ತಿ ಅವಳು, ಗಂಡನ ತಮ್ಮನ ಹೆಂಡತಿ. ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿತ್ತಲು ಒಂದೇ. ಆದರೂ ಹನ್ನೆರಡು ವರ್ಷ ನಮಗೆ ಮಾತಿರಲಿಲ್ಲ. ನನ್ನ ಕಿರಿಮಗಳ ಮದುವೆಯಲ್ಲಿ ಮೊದಲ ತಾಂಬೂಲ ಅವಳ ಕೈಗೆ ಕೊಡಬೇಕಿತ್ತು. ದಿಂಡಿಗಲ್ಲಿನಿಂದ ಕಾರಿನಲ್ಲಿ ಬಂದ ಬೀಗರನ್ನು ಕಂಡು ಅವರಿಗೆ ಕೊಟ್ಟುಬಿಟ್ಟೆ. ತಪ್ಪು ನನ್ನದೇ. ಆಗ ಒಪ್ಪಲಿಲ್ಲ, ಅಷ್ಟೇ.

ಹೇಳಲೇಬೇಕಾದದ್ದು ಇದ್ದರೆ ಅವಳು ಕೋಳಿಗೆ ಹೇಳುತ್ತಿದ್ದಳು. "ಏ ಕೋಳಿ, ನಲ್ಲೀಲಿ ನೀರ್ ಬಂದು ಎಷ್ಟೊತ್ತಾತು, ಕೆಲವರು ಇನ್ನೂ ಕಾಲು ಚಾಚ್ಕೊಂಡು ಕುಂತವ್ರೆ ನೋಡು." ನಾನು ಕೊಡ ಎತ್ತಿಕೊಂಡು ಹೋಗುತ್ತಿದ್ದೆ. ಉತ್ತರ ಮಾತ್ರ ಕೊಡುತ್ತಿರಲಿಲ್ಲ.

ಕೆಳದವಡೆಯ ಹಲ್ಲು ಹೋದ ಮೇಲೆ ಕಟ್ಟಿಸಿದ ಸೆಟ್ಟು ನನ್ನ ಬಾಯಲ್ಲಿ ನಿಲ್ಲಲಿಲ್ಲ. ಮಗ ತೇನಿಗೆ ಕರೆದುಕೊಂಡು ಹೋದ. ಡಾಕ್ಟರು ದವಡೆ ಎಲುಬಿಗೆ ಎರಡು ಸ್ಕ್ರೂ ಹಾಕಿದರು. ನಾಲ್ಕು ತಿಂಗಳಲ್ಲಿ ಎಲುಬು ಅದನ್ನು ಹಿಡಿದುಕೊಂಡರೆ ಮೇಲೆ ಹಲ್ಲು ಕೂರಿಸುತ್ತೇನೆ, ಹಿಡಿಯದಿದ್ದರೆ ತೆಗೆದು ಬಿಸಾಡಬೇಕು, ಈ ವಯಸ್ಸಿಗೆ ಮತ್ತೆ ಹಾಕುವುದಿಲ್ಲ ಅಂದರು. ಕಾಗದವನ್ನು ಸೊಸೆ ಓದಿದಳು. ಬಿಸಿ ಬೇಡ, ಅಗಿಯಬೇಡ, ಉಗುಳಬೇಡ, ಹೊಗೆಸೊಪ್ಪು ಬೇಡವೇ ಬೇಡ. ನನ್ನ ಕಿವಿಗೆ ಬಿದ್ದದ್ದು ಅಗಿಯಬೇಡ ಅನ್ನುವುದೊಂದೇ.

ಮರುದಿನ ಒಡ್ಡನ್‌ಛತ್ರಂ ಮಾರುಕಟ್ಟೆಗೆ ಹೋಗುವ ಲಾರಿಗೆ ನುಗ್ಗೆಕಾಯಿ ಏರಿಸುವುದಿತ್ತು. ಮಗ, ಸೊಸೆ ಹೊಲಕ್ಕೆ ಹೋದರು. ಸೊಸೆ ಮಾಡಿಟ್ಟ ತಣ್ಣನೆ ಗಂಜಿ ನೋಡಿ ನನಗೆ ರೇಗಿತು. ಒಲೆ ಹಚ್ಚಿ ರಾಗಿ ಕಳಿ ಕಲಸಿದೆ. ಕಳಿಯನ್ನು ನಮ್ಮ ಜನ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಅಗಿಯುವವರನ್ನು ಕಂಡರೆ ನಗುತ್ತೇವೆ. ಡಾಕ್ಟರು ಅಗಿಯಬೇಡ ಅಂದರು, ನುಂಗಬೇಡ ಅನ್ನಲಿಲ್ಲವಲ್ಲ ಎಂದು ಹೊಗೆಯಾಡುವ ಕಳಿಯನ್ನು ಅರ್ಧ ಉಂಡೆ ಇಳಿಸಿದೆ.

ಬಾಯಿ ತುಂಬ ರಕ್ತ ಬಂತು. ಹಿತ್ತಲಿಗೆ ಹೋಗಿ ಉಗುಳಿದೆ. ಬಾಯಿ ಮುಕ್ಕಳಿಸಿ ಮತ್ತೆ ಉಗುಳಿದೆ. ಉಗುಳಿದಷ್ಟೂ ಬಂತು.

"ಉಗುಳಬ್ಯಾಡ ಅಕ್ಕಾ!"

ಹನ್ನೆರಡು ವರ್ಷದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ಸೊಪ್ಪಿನ ಮೊರ ಬಿಸಾಕಿ ಬಂದು ನನ್ನ ಗಲ್ಲ ಹಿಡಿದಳು. "ಬಾಯ್ ಮುಚ್ಚು. ನುಂಗು. ನನ್ನ ಹಲ್ಲೆಲ್ಲಾ ಕಿತ್ತಾಗ ಹಿಂಗೇ ಉಗುಳಿ ಉಗುಳಿ ಎರಡ್ ದಿನ ರಕ್ತ ನಿಲ್ಲಲಿಲ್ಲ. ಉಗುಳಿದ್ರೆ ಕಟ್ಟಿದ್ದು ಕಿತ್ಕೊಂಡು ಬರ್ತೈತೆ." ಒಳಗೆ ಹೋಗಿ ಮಾತ್ರೆ ಚೀಲದಿಂದ ಡಾಕ್ಟರು ಕೊಟ್ಟ ಬಟ್ಟೆ ತಂದು, ಮಡಿಸಿ ಗಾಯದ ಮೇಲಿಟ್ಟಳು. "ಕಚ್ಚು. ಬಾಯ್ ಬಿಟ್ಟೆ ಅಂದ್ರೆ ನೋಡು."

ನಾನು ಕಚ್ಚಿಕೊಂಡು ಕೂತೆ. ಉತ್ತರ ಕೊಡಲಾರೆ ಎಂದು ಗೊತ್ತಾದದ್ದೇ ತಡ, ಶುರುಮಾಡಿದಳು. "ತಾಂಬೂಲ ಬ್ಯಾರೆಯವರಿಗೆ ಕೊಟ್ಟೆಯಲ್ಲ, ಬರಾಕೇಳು ಅವರ್ನ, ಬಂದು ನಿನ್ನ ಬಾಯ್ ಹಿಡೀಲಿ. ಬುದ್ಧಿ ಐತಾ ನಿಂಗೆ? ಹೊಸಾ ಗಾಯದ ಮ್ಯಾಲೆ ಯಾರಾರ ಕಳಿ ತಿಂತಾರಾ?" ಅರ್ಧ ಗಂಟೆ ಬೈದಳು. ಎಲ್ಲಾ ನಿಜವೇ. ರಕ್ತ ನಿಂತಿತು.

ಆವತ್ತಿನಿಂದ ದಿನಾ ಬಂದಳು. ತಣ್ಣನೆ ಅಂಬಲಿ, ಕಿವುಚಿದ ಬಾಳೆಹಣ್ಣು, ನೀರುಮಜ್ಜಿಗೆ. ಲೋಟ ಬರಿದಾಗುವ ತನಕ ಎದುರಿಗೆ ಕೂತಿರುತ್ತಿದ್ದಳು. ಸೊಸೆ ಕೈಲಿ ಕಾಗದವನ್ನು ಇನ್ನೊಮ್ಮೆ ಓದಿಸಿ ಕೇಳಿದಳು. ಹೊಗೆಸೊಪ್ಪು ಅನ್ನುವ ಮಾತು ಬಂದದ್ದೇ ಎದ್ದು, ನನ್ನ ಎಲೆಯಡಿಕೆ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

"ಏ, ಕೊಡೇ ಅದ್ನ," ಅಂದೆ.

"ಹಲ್ಲು ಬೇಕಾ, ಹೊಗೆಸೊಪ್ಪು ಬೇಕಾ? ಒಂದ್ ಹೇಳು."

ಐವತ್ತು ವರ್ಷದ ಚಟ. ನಾನು ಅವಳಿಗೆ ಶಾಪ ಹಾಕಿದೆ. "ಹಾಕ್ಕೋ, ನಾಕ್ ತಿಂಗ್ಳು ತಾನೇ," ಅಂದಳು.

ಅವಳಿಗೂ ಅದೇ ಚಟ. ಒಂದು ಹಲ್ಲೂ ಇಲ್ಲದ್ದರಿಂದ ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಹಾಕಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಊಟವಾದದ್ದೇ ಗೋಡೆಯಾಚೆಯಿಂದ ಟಣ್ ಟಣ್ ಸದ್ದು ಬರುತ್ತಿತ್ತು. ಜಗಳದ ವರ್ಷಗಳಲ್ಲಿ ಅದನ್ನು ಕೇಳಿ ಹಲ್ಲು ಕಡಿಯುತ್ತಿದ್ದೆ. ಈಗ ಆ ಸದ್ದಿಲ್ಲ ಅನ್ನುವುದು ನನಗೆ ತಿಳಿಯಲು ಹತ್ತು ದಿನ ಬೇಕಾಯಿತು.

"ಯಾಕೆ, ಕುಟ್ಟೋದಿಲ್ವಾ?" ಎಂದು ಕೇಳಿದೆ.

"ಕುಟ್ಟಾಣಿ ಒಡೆದೋಗೈತೆ," ಅಂದಳು.

ಕಬ್ಬಿಣ ಎಲ್ಲಿ ಒಡೆಯುತ್ತದೆ? ಸದ್ದು ಕೇಳಿದರೆ ನನ್ನ ಬಾಯಿ ಊರುತ್ತದೆ, ಎದ್ದು ಬಂದು ಕೈ ಚಾಚುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅಂಬಲಿಗೆ ಉಪ್ಪು ಕಮ್ಮಿ ಅಂದೆ.

ನಾಲ್ಕು ತಿಂಗಳಾದ ಮೇಲೆ ಡಾಕ್ಟರು ಸ್ಕ್ರೂ ತಟ್ಟಿ ನೋಡಿ ಎಲುಬು ಹಿಡಿದಿದೆ ಅಂದರು. ಹಲ್ಲು ಕೂರಿಸಿಕೊಂಡು ಬಂದ ದಿನ ಅವಳು ನನ್ನ ಬಾಯಿ ತೆರೆಸಿ, ಬೆರಳು ಹಾಕಿ ಅಲ್ಲಾಡಿಸಿ ನೋಡಿದಳು. "ಪರವಾಗಿಲ್ಲ. ಸತ್ತ ಮ್ಯಾಲೂ ಬೀಳಾಕಿಲ್ಲ ಇದು," ಅಂದಳು. ನಿನ್ನಿಂದ ಆಯಿತು ಎಂದು ನಾನು ಹೇಳಬೇಕಿತ್ತು. ಅಂಥ ಮಾತು ನಮ್ಮ ಮನೆಗಳಲ್ಲಿ ಆಡಿ ರೂಢಿಯಿಲ್ಲ.

ಮೂರು ವಾರಕ್ಕೆ ಅವಳು ಹೋದಳು. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಹಗಲಲ್ಲೇ ಜಗುಲಿ ಮೇಲೆ ಮಲಗಿದವಳು ಏಳಲಿಲ್ಲ. ನಾನು ಅಳಲಿಲ್ಲ. ನನಗೆ ಬೇಗ ಅಳು ಬರುವುದಿಲ್ಲ.

ಹದಿನಾರನೇ ದಿನದ ಕರ್ಮ ಮುಗಿದ ಮರುದಿನ ಅವಳ ಮಕ್ಕಳು ಆಡು ಕಡಿದು ನೆಂಟರಿಗೆ ಊಟ ಹಾಕಿದರು. ನಾನು ಮೊದಲ ಪಂಕ್ತಿಯಲ್ಲೇ ಕೂತೆ. ಎಲೆಗೆ ಬಿದ್ದ ತುಂಡನ್ನೆಲ್ಲ ಅಗಿದೆ, ಎಲುಬನ್ನೂ ಬಿಡಲಿಲ್ಲ. ಉತ್ತಮಪಾಳಯಂನಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. "ವಾರಗಿತ್ತಿ ಸತ್ತವಳೆ, ಈ ಮುದುಕಿ ನೋಡು, ಹೆಂಗೆ ಎಲುಬು ಕಡೀತವಳೆ."

ಅವಳಿಗೆ ಏನು ಗೊತ್ತು. ಇನ್ನೊಂದು ತುಂಡು ಹಾಕು ಎಂದು ಬಡಿಸುವವನಿಗೆ ಹೇಳಿ, ಅದನ್ನೂ ಕಡಿದೆ.