ಅಕ್ಕನ ಕೈಗಿಲ್ಲದ ಎಣ್ಣೆ

ಹರಳೆಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾನೂ ನಮ್ಮಕ್ಕನೂ ಹೊಸಪೇಟೆ ಸ್ಟೇಷನ್ನಿನ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ ಕೂಲಿಗಿದ್ದೆವು. ಸಂಡೂರಿನ ಗುಡ್ಡದಿಂದ ಬರುತ್ತಿದ್ದ ಮ್ಯಾಂಗನೀಸ್ ಅದಿರಿನಲ್ಲಿ ಗಟ್ಟಿಯೆಲ್ಲ ರೈಲು ಹತ್ತುತ್ತಿತ್ತು. ಉಳಿದ ಪುಡಿಯಿಂದ ಕಲ್ಲುಮಣ್ಣು ಬೇರೆ ಮಾಡುವ ಪ್ರಯೋಗ ನಮ್ಮ ಶೆಡ್ಡಿನದು. ಹೆಂಗಸರು ಪುಡಿಯನ್ನು ನೀರಿನಲ್ಲಿ ಕಲಸಿ ತೊಟ್ಟಿಗೆ ಸುರಿಯಬೇಕು, ನಾನು ಕಡೆಯುವ ಯಂತ್ರ ತಿರುಗಿಸಬೇಕು.

ಮದ್ರಾಸಿನಿಂದ ಬಂದಿದ್ದ ಕೆಮಿಸ್ಟ್ ಒಮ್ಮೆ ಖುಷಿಯಲ್ಲಿದ್ದಾಗ ನನಗೆ ಬಿಡಿಸಿ ಹೇಳಿದ್ದ. ಸೋಡಾದಲ್ಲಿ ಕಲಸಿದ ಹರಳೆಣ್ಣೆ ಅದಿರಿನ ಕಣಕ್ಕೆ ಅಂಗಿಯ ಹಾಗೆ ಹತ್ತಿಕೊಳ್ಳುತ್ತದೆ. ಆಮೇಲೆ ಆ ಕಣಕ್ಕೆ ನೀರು ಒಗ್ಗುವುದಿಲ್ಲ, ಗಾಳಿಯ ಗುಳ್ಳೆಗೆ ಅಂಟಿಕೊಂಡು ನೊರೆಯ ಜೊತೆ ಮೇಲೆ ಬರುತ್ತದೆ. ಎಣ್ಣೆ ಹಿಡಿಯದ ಕಲ್ಲಿನ ಪುಡಿ ತಳಕ್ಕೆ ಕೂರುತ್ತದೆ. ಕೇಳಿ ಬೆರಗಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಅದಿರು ಮುಟ್ಟುವ ಹೆಂಗಸರು ಬೆಳಿಗ್ಗೆ ಅಂಗೈಗೆ ಹರಳೆಣ್ಣೆ ತಿಕ್ಕಿಕೊಂಡೇ ಬರುತ್ತಿದ್ದರು. ಕರಿ ಪುಡಿ ಎಣ್ಣೆಗೆ ಹತ್ತಿ, ಸಂಜೆ ಕಡಲೆಹಿಟ್ಟು ಹಚ್ಚಿ ತೊಳೆದರೆ ಎಣ್ಣೆಯ ಜೊತೆಗೇ ಹೋಗುತ್ತಿತ್ತು, ಚರ್ಮ ಬಿರಿಯುತ್ತಿರಲಿಲ್ಲ. ಅಕ್ಕನಂತೂ ಕಂಪ್ಲಿಯ ಗಾಣದ ಎಣ್ಣೆಯನ್ನೇ ತರಿಸುತ್ತಿದ್ದಳು. ಅವಳ ಹಾಗೆ ತೆಳ್ಳಗೆ ರೊಟ್ಟಿ ಬಡಿಯುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಗಂಡ ಸತ್ತ ಮೇಲೆ ಆ ಕೈಗಳೇ ಅವಳ ಆಸ್ತಿ.

ಒಂದು ದಿನ ತೊಟ್ಟಿಯಲ್ಲಿ ನೊರೆ ಕಟ್ಟಲೇ ಇಲ್ಲ. ಕೆಮಿಸ್ಟ್ ಮತ್ತಷ್ಟು ಎಣ್ಣೆ ಸುರಿದ, ಇನ್ನೂ ಕೆಟ್ಟಿತು. ಆಗ ಅವನ ಕಣ್ಣು ಅಕ್ಕನ ಹೊಳೆಯುವ ಅಂಗೈ ಮೇಲೆ ಬಿತ್ತು. ಇವರ ಕೈಯೆಣ್ಣೆಯೇ ತೊಟ್ಟಿ ಕೆಡಿಸುತ್ತಿದೆ ಎಂದುಬಿಟ್ಟ. ಮರುದಿನದಿಂದ ಬಾಗಿಲಲ್ಲಿ ಮೇಸ್ತ್ರಿ ನಿಂತು, ಹೆಂಗಸರ ಕೈಗೆ ಬೂದಿ, ಸುಣ್ಣ ಹಾಕಿ ತಿಕ್ಕಿಸತೊಡಗಿದ.

"ಎಣ್ಣಿ ಬ್ಯಾಡಂದ್ರ ಕೈ ಒಡೀತಾವ್ರಿ," ಎಂದಳು ಅಕ್ಕ.

"ಒಡದ್ರ ಮನಿಗೆ ನಡಿ. ನಿನ್ನಂಥಾರು ಭಾಳ ಮಂದಿ ಅದಾರ," ಎಂದ ಮೇಸ್ತ್ರಿ.

ಕೈ ತಿಕ್ಕಿಸಿದರೂ ನೊರೆ ಕಟ್ಟಲಿಲ್ಲ. ಕೆಲವು ದಿನಗಳಾದ ಮೇಲೆ ಶೆಡ್ಡಿನ ಎಣ್ಣೆ ಮುಗಿಯುತ್ತ ಬಂತು. ತಳದಲ್ಲಿ ಉಳಿದದ್ದನ್ನೇ ಹನಿಹನಿಯಾಗಿ ಹಾಕಿದಾಗ, ಕರಿ ನೊರೆ ದಪ್ಪಗೆ ಉಕ್ಕಿ ತೊಟ್ಟಿಯ ಅಂಚು ದಾಟಿತು. ಕೆಮಿಸ್ಟ್ ನಕ್ಕುಬಿಟ್ಟ. ಎಣ್ಣೆ ಅತಿಯಾದರೆ ನೊರೆ ಸಾಯುತ್ತದಂತೆ. ತಾನೇ ಅತಿಯಾಗಿ ಸುರಿಯುತ್ತಿದ್ದನಂತೆ.

"ಹಂಗಾದ್ರ ಹೆಂಗಸ್ರು ಕೈಗೆ ಎಣ್ಣಿ ಹಚ್ಕೋಬೌದಲ್ರೀ?" ಎಂದೆ.

"ಆರ್ಡರ್ ಆಗಿದೆ, ಇರಲಿ ಬಿಡು," ಎಂದು ನೊರೆ ನೋಡುತ್ತ ನಿಂತ.

ಆ ನಗು ನೆನಪಾದಾಗಲೆಲ್ಲ ಅವನ ಮುಖವನ್ನು ಅದೇ ತೊಟ್ಟಿಯಲ್ಲಿ ಅದ್ದಬೇಕಿತ್ತು ಅನ್ನಿಸುತ್ತದೆ. ಅಕ್ಕನ ಕೈ ಒಡೆಯಿತು. ಬಿರುಕಿನಲ್ಲಿ ಕರಿ ಪುಡಿ ಕೂತು ಕೀವಾಯಿತು, ಬೆರಳು ಸೆಟೆದುಕೊಂಡವು. ಒಲೆಯ ಮುಂದೆ ಕೂತು ಅವಳು ಹೇಳಿಕೊಡುತ್ತಿದ್ದಳು, ನಾನು ಬಡಿಯಲು ಹೋಗಿ ರೊಟ್ಟಿ ಹರಿಯುತ್ತಿದ್ದೆ.

ಯುದ್ಧ ಮುಗಿದು ಶೆಡ್ ಮುಚ್ಚಿದ ದಿನ ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ, ಉಳಿದ ಎಣ್ಣೆಯನ್ನು ಕೆಲಸದವರಿಗೆ ಹಂಚಿದ. ನಮ್ಮ ಪಾಲಿಗೆ ಒಂದು ಡಬ್ಬಿ ಬಂತು. ಮನೆಗೆ ತಂದು, ಮುಚ್ಚಳ ತೆಗೆದು ಅಕ್ಕನ ಮುಂದಿಟ್ಟೆ. ಅವಳು ಕೈ ಚಾಚಲಿಲ್ಲ.

"ದೀಪಕ್ಕ ಹಾಕಪ್ಪ," ಎಂದಳು. "ಈ ಕೈಗೆ ಇನ್ನ್ಯಾಕ?"

ನಾನು ದೀಪಕ್ಕೂ ಹಾಕಲಿಲ್ಲ. ಹೊರಗೆ ಒಯ್ದು ಗಟಾರಕ್ಕೆ ಸುರಿದೆ.