ಮೊದಲ ಆಯ್ಕೆ ನನ್ನದು

ನಮ್ಮ ಮನೆಗೆ ಯಾವುದಾದರೂ ಎರಡು ಬಂದರೆ ಮೊದಲು ಆರಿಸುವವಳು ನಾನು. ಹಿರಿಯ ಸೊಸೆಗೆ ಆ ಹಕ್ಕನ್ನು ಅತ್ತೆ ಕೊಟ್ಟು ಹೋಗಿದ್ದಾರೆ. ಕೇಳಿದವರು ಪುಣ್ಯವಂತೆ ಅನ್ನುತ್ತಾರೆ. ನನ್ನ ಹೊಟ್ಟೆಯುರಿ ಶುರುವಾಗುವುದೇ ಅಲ್ಲಿಂದ.

ವಾರಗಿತ್ತಿ ಮದುವೆಯಾಗಿ ಬಂದಾಗ ಬೀದಿ ಕಡೆಯ ದೊಡ್ಡ ಕೋಣೆಯನ್ನು ನಾನು ಹಿಡಿದೆ. ಅವಳಿಗೆ ಉಳಿದದ್ದು ಹಿಂದಿನ ಕಿಷ್ಕಿಂಧೆ. ಅಲ್ಲಿ ಅವಳು ಕಿಟಕಿಗೆ ಒಂದು ಹಲಗೆ ಹೊಡೆಸಿದಳು, ಹಳದಿ ಪರದೆ ಕಟ್ಟಿದಳು, ಅಷ್ಟೇ. ಮನೆಗೆ ಬಂದವರೆಲ್ಲ ಹೋಗಿ ಕೂರುವುದು ಅಲ್ಲೇ. ಕಟ್ಟಿಕೊಂಡ ನನ್ನ ಗಂಡನೂ ಪೇಪರ್ ಹಿಡಿದು ಅತ್ತಲೇ ನಡೆಯುತ್ತಾನೆ! ಬ್ರೆಡ್ಡಿನ ನಡುಭಾಗ ನಾನು ತಿನ್ನುತ್ತೇನೆ, ಒಣಗಿದ ತುದಿ ಅವಳಿಗೆ. ಅದನ್ನು ಅವಳು ಕರುಂಕರುಂ ಎಂದು ತಿನ್ನುವುದನ್ನು ನೋಡಿದರೆ ನನ್ನ ಬಾಯಲ್ಲಿ ನೀರೂರುತ್ತದೆ.

ನಾವಿಬ್ಬರೂ ಸೇರಿ ಬಟ್ಟೆ ಆಲ್ಟರ್ ಮಾಡುವ ಅಂಗಡಿ ನಡೆಸುತ್ತೇವೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರ ಕೋಟು ಸಡಿಲಿಸುವುದು. ಹೊಸ ಮಿಷನ್ನು ನನ್ನದು, ಗಡಗಡ ಹಳೆಯದು ಅವಳದು. ಗಿರಾಕಿಗಳು ಮಾತ್ರ ನನಗೆ ಬೆನ್ನು ಹಾಕಿ ಅವಳ ಕಡೆಗೇ ಕುರ್ಚಿ ಎಳೆದುಕೊಳ್ಳುತ್ತಾರೆ.

ಈ ವರ್ಷ ಗಂಡಂದಿರಿಗೆ ಯುರೋಪಿನ ಹುಚ್ಚು ಹಿಡಿಯಿತು. ಅಂಗಡಿ ಮುಚ್ಚಬಾರದು, ಹಾಗಾಗಿ ಒಂದು ಜೋಡಿ ಹೋಗಿ ಬಂದ ಮೇಲೆ ಇನ್ನೊಂದು. ಒಬ್ಬರಿಗೆ ವಿಯೆನ್ನಾ, ಒಬ್ಬರಿಗೆ ಲಿಸ್ಬನ್. ನಾಲ್ಕು ದಿನ ಇದ್ದು ಬಂದು ಕತೆ ಹೇಳಿಕೊಂಡರೆ ಎರಡೂ ಊರು ನೋಡಿದಂತಾಯಿತು ಎಂಬುದು ಆ ಅಣ್ಣತಮ್ಮಂದಿರ ಲೆಕ್ಕಾಚಾರ.

ಏಜೆಂಟು ಕೊಟ್ಟ ಚಿತ್ರಗಳಲ್ಲಿ ವಿಯೆನ್ನಾ ಕಂಡ ಕೂಡಲೇ ನನ್ನ ಮನಸ್ಸು ಜಾರಿತು. ಅರಮನೆ, ಸಂಗೀತ, ತೊಳೆದಿಟ್ಟಂಥ ಬೀದಿ. ಆದರೂ ಬಾಯಿಗೆ ಬೀಗ ಹಾಕಿಕೊಂಡೆ. ಈ ಸಲ ನಾನು ಬೇಸ್ತು ಬೀಳಬಾರದು.

“ಈ ಸಲ ನೀನೇ ಮೊದಲು ಆರಿಸು” ಎಂದೆ ಅಂಗಡಿಯಲ್ಲಿ.

ಅವಳು ಹಲ್ಲಲ್ಲಿ ಕಚ್ಚಿಕೊಂಡಿದ್ದ ಪಿನ್ನು ಕೆಳಗೆ ಬಿತ್ತು. “ನಾನಾ? ಬೇಡ ಅಕ್ಕ. ಉಳಿದಿದ್ದು ನನಗಿರ್ಲಿ.”

“ಅದೇ ಬೇಡ ಅಂದಿದ್ದು. ಉಳಿದಿದ್ದು ಈ ಸಲ ನನಗೆ.”

ಪಾಪ, ಒದ್ದಾಡಿಬಿಟ್ಟಳು. ಗಿರಾಕಿಗಳನ್ನೆಲ್ಲ ಕೇಳಿದಳು. ಯಾರದೋ ಕೋಟಿಗೆ ಜಿಪ್ಪನ್ನು ತಲೆಕೆಳಗಾಗಿ ಹೊಲಿದಳು. ಏಜೆಂಟು ಫೋನು ಮಾಡಿ ಮಾಡಿ ರೇಗಿದ ಮೇಲೆ, “ವಿಯೆನ್ನಾ ಇರ್ಲಿ” ಎಂದಳು, ಸಣ್ಣ ದನಿಯಲ್ಲಿ.

ನನಗೆ ಬೇಕಾಗಿದ್ದೇ ಕೈತಪ್ಪಿತು. ಇರಲಿ, ಉಳಿದದ್ದರಲ್ಲೇ ಅಲ್ಲವೇ ಮಜಾ ಇರುವುದು? ಲಿಸ್ಬನ್ನಿನ ಚಿತ್ರ ಹಿಡಿದು ಕೂತೆ. ಏರು ಓಣಿ, ಹಳದಿ ಟ್ರಾಮು, ಕಿಟಕಿ ಕಿಟಕಿಗೂ ಒಣಹಾಕಿದ ಬಟ್ಟೆ. ದಿನವಿಡೀ ಬಟ್ಟೆಯಲ್ಲೇ ಮುಳುಗಿರುವವಳು ಅದನ್ನೇ ನೋಡಲು ಅಷ್ಟು ದೂರ ಹೋಗಬೇಕೇ? ಹೇಗೆ ತಿರುಗಿಸಿ ನೋಡಿದರೂ ಉಳಿದದ್ದು ಉಳಿದದ್ದಾಗಿಯೇ ಕಂಡಿತು.

ಕೊನೆಗೆ ಮಾನ ಬಿಟ್ಟು, “ಬದಲಾಯಿಸ್ಕೊಳ್ಳೋಣ್ವಾ?” ಎಂದೆ.

“ಅಯ್ಯೋ, ತಗೊಳ್ಳಿ ಅಕ್ಕ!” ತಲೆಯ ಮೇಲಿನ ಹೊರೆ ಇಳಿಸಿದವಳಂತೆ ವಿಯೆನ್ನಾ ಕೊಟ್ಟು ಲಿಸ್ಬನ್ ಇಸಿದುಕೊಂಡಳು. ನಾನು ಸೂಜಿಗೆ ದಾರ ಪೋಣಿಸಿರಲಿಲ್ಲ, ಆಗಲೇ ಅವಳ ರಾಗ ಶುರುವಾಯಿತು. “ಅಕ್ಕ, ಇಲ್ನೋಡಿ, ಈ ಹಗ್ಗಕ್ಕೆ ರಾಟೆ ಇದೆ! ನಿಂತಲ್ಲೇ ಎಳ್ಕೋಬಹುದು. ಈ ಮೇಲಿನ ಕಿಟಕಿ ಅಜ್ಜಿ ನೋಡಿ, ಕೆಳಗಿನವಳ ಬಟ್ಟೆ ಮೇಲೆ ಬೇಕಂತಲೇ ನೀರು ಸುರೀತಿದಾಳೆ!”

ಅಷ್ಟು ದಿನ ಚಿತ್ರ ನನ್ನ ಕೈಯಲ್ಲೇ ಇತ್ತು. ರಾಟೆಯೂ ಕಂಡಿರಲಿಲ್ಲ, ಅಜ್ಜಿಯೂ ಕಂಡಿರಲಿಲ್ಲ. ಈಗ ನನ್ನ ಮುಂದಿದ್ದ ವಿಯೆನ್ನಾ ಆಗಷ್ಟೇ ಒರೆಸಿದ ನೆಲದಂತೆ ಖಾಲಿಯಾಗಿ ಕಂಡಿತು. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇಷ್ಟು ವರ್ಷ ಕೋಣೆ ಮೇಲೆ, ಮಿಷನ್ನಿನ ಮೇಲೆ, ಬ್ರೆಡ್ಡಿನ ತುದಿ ಮೇಲೆ ಸುಮ್ಮನೆ ಉರಿದುಕೊಂಡೆನಲ್ಲ!

ಏಜೆಂಟಿಗೆ ಫೋನು ಮಾಡಿದೆ. “ಎರಡು ಜೋಡಿಗೂ ಲಿಸ್ಬನ್. ಒಟ್ಟಿಗೇ.”

ವಾರಗಿತ್ತಿ ಬಾಯಿ ಬಿಟ್ಟುಕೊಂಡು ನೋಡಿದಳು. “ಅಂಗಡಿ, ಅಕ್ಕ?”

“ಮುಚ್ಚೋಣ.”

“ನಿಮಗೆ ವಿಯೆನ್ನಾ ಅಂದ್ರೆ ಆಸೆ ಇತ್ತಲ್ವಾ?”

“ಇತ್ತು. ಆದ್ರೆ ಅಲ್ಲಿಗೆ ನೀನು ಬರಲ್ವಲ್ಲ” ಎಂದೆ. “ಎಲ್ಲಾದ್ರಲ್ಲೂ ನಿನಗೆ ಅದೇನು ಕಾಣುತ್ತೋ, ಈ ಸಲ ಪಕ್ಕದಲ್ಲೇ ನಿಂತು ನೋಡೇಬಿಡ್ತೀನಿ.”